ಒಣಗಿತಾ?

ಒಣಗಿತಾ ಅಂತ ಕೇಳುತ್ತಾನೆ ಎಮೆಟ್,
ಬ್ರೆಡ್ಡಿನ ಭಟ್ಟಿ ಮುಂದೆ ನಿಂತೇ ಫೋನು ಹಚ್ಚಿ, ಬೆಳಗಿನ ಐದಕ್ಕೆ.
ಯಾವುದು ಒಣಗಿತಾ, ಮಾರಾಯ?
ಬೆಟ್ಟ ಒಂದೇ ಇರಬಹುದು,
ಅದರ ಮೈ ಒಂದೇ ಅಲ್ಲ.

ವರ್ಮಾಂಟಿನಲ್ಲಿ ಏಪ್ರಿಲ್ ಅಂದರೆ ತಿಂಗಳಲ್ಲ, ಕೆಸರು.
ಹಿಮ ಮೇಲಿಂದ ಕರಗುತ್ತದೆ, ನೆಲ ಒಳಗೆ ಇನ್ನೂ ಕಲ್ಲು,
ನಡುವೆ ಸಿಕ್ಕಿಬಿದ್ದ ನೀರಿಗೆ ಇಳಿಯಲು ದಾರಿಯಿಲ್ಲ.
ಏಳು ಗಂಟೆಗೆ ಟಣ್ ಅನ್ನುವ ಹಾದಿ
ಹತ್ತಕ್ಕೆ ಕಾಲಿನ ಬೂಟು ಕಿತ್ತುಕೊಳ್ಳುತ್ತದೆ.

ಗೇಟಿನ ಬೀಗದ ಕೈ ನನ್ನ ಕೋಟಿನ ಜೇಬಿನಲ್ಲಿದೆ.
ಅದಕ್ಕೇ ಸೈಕಲ್ ಹುಡುಗರಿಗೆಲ್ಲ ನಾನು ಕೆಟ್ಟ ಮುದುಕಿ.
ಲುಸಿಲ್ ಥಿಬೋ ಅನ್ನುವ ಹೆಸರು ಚೆಕ್ಕಿನ ಮೇಲೆ ಮಾತ್ರ.

ಬಾ, ನಡೆದು ನೋಡೋಣ. ಸೈಕಲ್ ಅಲ್ಲೇ ಇರಲಿ.

ಇಲ್ಲಿ, ಹಳೆ ಜಲ್ಲಿಗುಂಡಿಯ ಪಕ್ಕ, ಮರಳು ಮಣ್ಣು.
ನಿನ್ನೆಯ ಮಳೆಯ ನೆನಪೇ ಇಲ್ಲ ಇದಕ್ಕೆ.
ಮುಷ್ಟಿ ತುಂಬ ಹಿಡಿ, ಬಿಡು:
ಬೆರಳ ಸಂದಿಯಲ್ಲಿ ಉದುರಿತಲ್ಲ?
ಇದರ ಮೇಲೆ ಈಗಲೇ ಓಡಿಸಬಹುದು ನೀನು.
ಮುನ್ನೂರು ಅಡಿ ಉದ್ದ, ಅಷ್ಟೇ.

ಆಮೇಲೆ ಜೇಡಿ.
ರೊಟ್ಟಿ ಸುಡುವವನಿಗೆ ನಾನು ಹೇಳಬೇಕೆ,
ನೀರು ಹೆಚ್ಚಾದ ಹಿಟ್ಟು ಕೈ ಬಿಡುವುದಿಲ್ಲ,
ಚಕ್ರವನ್ನೂ ಬಿಡುವುದಿಲ್ಲ, ಚೈನನ್ನೂ ಬಿಡುವುದಿಲ್ಲ.
ಮೇಲೆ ಸಿಪ್ಪೆ ಕಟ್ಟಿಕೊಂಡು ಒಣಗಿದ ಹಾಗೆ ನಟಿಸುತ್ತದೆ.
ಹೆಬ್ಬೆರಳು ಒತ್ತು. ಒಳಗೆ ಹಸಿ.
ಬೆಂದಿದೆ ಅಂತ ನಂಬಿ ಹೊರಗೆಳೆದ ಬ್ರೆಡ್ಡು
ಎಷ್ಟು ಸಲ ಹಂದಿಗೆ ಹಾಕಿದ್ದೀಯ?

ತೆಂಕಣ ಇಳಿಜಾರಿನ ಬೆನ್ನು ತಿಕ್ಕುತ್ತದೆ ಬಿಸಿಲು ಮಧ್ಯಾಹ್ನವಿಡೀ.
ಮೇಪಲ್ ಇನ್ನೂ ಬರಿ ಕೊಂಬೆ,
ನೆರಳೂ ಪೆನ್ಸಿಲ್ಲಿನ ಗೀಟಿನಷ್ಟು.
ಅದರ ಮೇಲಿನ ದಿಣ್ಣೆಗೆ ಗಾಳಿಯಿದೆ.
ಬಿಸಿಲಿಗಿಂತ ಗಾಳಿ ಚುರುಕು ಅನ್ನುವುದು
ಬಟ್ಟೆ ಹರವಿದವರಿಗೆಲ್ಲ ಗೊತ್ತು.

ಕೆಲಸ ಕೆಡುವುದು ಈ ಹೆಮ್ಲಾಕಿನ ತಿರುವಿನಲ್ಲಿ.
ಬೆಟ್ಟದ ಬಡಗಣ ಮಗ್ಗುಲು. ಮರವೋ,
ವರ್ಷವಿಡೀ ಛತ್ರಿ ಮಡಚದ ಜಿಪುಣ.
ಬುಡದಲ್ಲಿ ಬಟ್ಟಲಿನಂಥ ತಗ್ಗು,
ಮೇಲಿನ ನೀರೆಲ್ಲ ಬಂದು ಇಲ್ಲಿ ಕೂತು ಹರಟುತ್ತದೆ.
ಕೆಳಗೆ ಅಂಗಡಿ ಬೀದಿಯಲ್ಲಿ ಧೂಳು ಏಳುವಾಗಲೂ
ಇಲ್ಲಿ ಬೇರಿನ ಸಂದಿಯಲ್ಲಿ ಹಿಮದ ಒಂದು ಬೂದು ಚೂರು,
ಮನೆಗೆ ಹೋಗಲು ಮರೆತ ನಾಯಿಯ ಹಾಗೆ.

ಈ ಕೊರಕಲು ಕಾಣಿಸಿತಾ?
ಯಾವ ಪೋಲಿಯ ಚಕ್ರ ಅಂತ ಕೇಳಬೇಡ.
ಎಂಬತ್ತೊಂಬತ್ತನೇ ಇಸವಿ, ಏಪ್ರಿಲ್ ಕೊನೆ, ನನಗೆ ಮೂವತ್ತೊಂದು.
ಇವತ್ತು ಬೇಡ ಅಂದಿದ್ದ ಆರ್ಮಾನ್.
ಬೇಡ ಅಂದದ್ದಕ್ಕೇ ಹೋದೆ.
ನಾಲ್ಕು ನಿಮಿಷ. ಎಂಥ ನಾಲ್ಕು ನಿಮಿಷ!
ಹಲ್ಲಿನ ಮೇಲೆಲ್ಲ ಕೆಸರು, ಆದರೂ ನಗುತ್ತಲೇ ಇದ್ದೆ.

ಜೂನಿನಲ್ಲಿ ಆ ಗೀರು ಇಟ್ಟಿಗೆಯಾಯಿತು,
ಮುಂದಿನ ಮಳೆಗೆ ಕಾಲುವೆಯಾಯಿತು.
ನೀರಿಗೆ ಒಮ್ಮೆ ದಾರಿ ತೋರಿಸಿದರೆ ಸಾಕು.
ಆರ್ಮಾನ್ ಬೈಯಲಿಲ್ಲ, ಕಲ್ಲು ಹೊತ್ತು ತಂದು ಹಾಕಿದ.
ಅವನಿಲ್ಲ ಈಗ, ನಾನು ಹಾಕುತ್ತೇನೆ.
ವರ್ಷಕ್ಕೆರಡು ಕಲ್ಲು ನುಂಗುತ್ತದೆ ಈ ತಗ್ಗು,
ತೇಗು ಸಹ ಇಲ್ಲ.

ಮತ್ತೆ ಯಾವಾಗ, ಅಂತೀಯ.
ಅಗೋ ಆ ಅಂಚಿನ ಮೇಪಲ್ ಚಿಗುರಲಿ.
ಎಲೆ ಬಂದರೆ ನೆರಳು ದಪ್ಪವಾಗುತ್ತದೆ, ನಿಜ,
ಆದರೆ ಎಲೆಗೆ ಬಾಯಾರಿಕೆಯೂ ಬರುತ್ತದೆ.
ಬಿಸಿಲು ಮುಟ್ಟದ ನೀರನ್ನು ಬೇರು ಮುಟ್ಟುತ್ತದೆ,
ಕಾಡೇ ಹಾದಿಯನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸುತ್ತದೆ.
ನಾನು ಮಾಡುವುದೇನು? ಬೀಗದ ಕೈ ಹಿಡಿದು ಕೂರುತ್ತೇನೆ,
ಹಿಟ್ಟಿಗೆ ಬಟ್ಟೆ ಮುಚ್ಚಿ ನೀನು ಕೂರುವ ಹಾಗೆ.

ಎಮೆಟ್ ಕುಕ್ಕರಗಾಲಲ್ಲಿ ಕೂತು
ನನ್ನ ಹಳೆಯ ಗೀರಿನೊಳಗೆ ಹೆಬ್ಬೆರಳಿಟ್ಟ.
ಗಿಣ್ಣಿನವರೆಗೂ ಇಳಿಯಿತು.
ಏಪ್ರನ್ನಿಗೆ ಒರೆಸಿಕೊಂಡ, ಹಿಟ್ಟಿನ ಮೇಲೆ ಮಣ್ಣು.

ಸೋಮವಾರ? ಅಂದ.

ಬುಧವಾರ ಫೋನು ಮಾಡು, ಅಂದೆ,
ಏಳರ ಮೇಲೆ.
ಬರುವಾಗ ಒಂದು ಕಲ್ಲು ಹೊತ್ತು ತಾ,
ಚಪ್ಪಟೆಯದು.