ಎಡಗಡೆಯ ಏಳನೆಯದು

ಸೀನು ಬಂದರೆ ಮೇಜು ಹಿಡಿದುಕೊಳ್ಳುತ್ತೇನೆ,
ನೆಲ ನಡುಗಿದಾಗ ಹಿಡಿದುಕೊಳ್ಳುವ ಹಾಗೆ.
ಇದು ಒಂಬತ್ತನೇ ವಾರ.

ಪಿಚಿಲೆಮುವಿನಲ್ಲಿ ವೆಟ್‌ಸೂಟು ಹರಿದುಕೊಂಡವರೆಲ್ಲ
ನನ್ನ ಹೊಲಿಗೆಯಂತ್ರದ ಮುಂದೆ ಬಂದೇ ಬರಬೇಕು.
ರಬ್ಬರಿನ ಕರಿ ತೊಗಲು, ತೊಟ್ಟಿಕ್ಕುವ ತೋಳು,
ಮಂಡಿಯಲ್ಲಿ ಬಂಡೆ ಕಚ್ಚಿದ ಗುರುತು.
ಯಾರು ಎಲ್ಲಿ ಬಿದ್ದರೆಂದು
ಅವರ ಹೆಂಡಿರಿಗಿಂತ ಮೊದಲು ನನ್ನ ಸೂಜಿಗೆ ಗೊತ್ತು.

ಇಪ್ಪತ್ತಾರು ವರ್ಷ. ನನ್ನ ಕಾಲು ಒದ್ದೆಯಾಗಲಿಲ್ಲ.

ಆಮೇಲೆ ಒಂದು ಸೂಟು ಉಳಿಯಿತು. ಕೊಟ್ಟವನು ಬರಲಿಲ್ಲ.
ಎರಡು ಚಳಿಗಾಲ ಮೊಳೆಗೆ ನೇತಾಡಿತು,
ಹೆಚ್ಚುಕಮ್ಮಿ ನನ್ನೆತ್ತರ, ಮುಖ ನನ್ನ ಕಡೆಗೆ.
ಐವತ್ತೆರಡಕ್ಕೆ ಇದೇನು ಕೇಡುಗಾಲವೇ ಎಂದು
ಅಕ್ಕ ಒಟಿಲಿಯಾ ಎದೆಗೆ ಶಿಲುಬೆ ಗೀರಿಕೊಂಡಳು.
ನಾನು ಹೋಗಿ ಹಲಗೆ ಬಾಡಿಗೆಗೆ ತಂದೆ.

ಅಲೆಯ ಮೇಲೆ ನಿಂತದ್ದು ಕಡಿಮೆ. ಮಲಗಿದ್ದೇ ಹೆಚ್ಚು,
ಬೋರಲು, ಕತ್ತೆತ್ತಿ,
ಎರಡೂ ಕೈಯಲ್ಲಿ ಕಡಲು ತೋಡುತ್ತ,
ಮೈಭಾರವೆಲ್ಲ ಎದೆಗೂಡಿನ ಕೆಳಗಂಚಿಗೆ.
ಆ ಶನಿವಾರ ಒಂದು ತೆರೆ ಹಲಗೆಯನ್ನು ಕಸಿದು
ಅಂಚಿನ ಕಡೆಯಿಂದಲೇ ವಾಪಸು ಕೊಟ್ಟಿತು.

ಸಾಂತಾಕ್ರೂಸಿಗೆ ಬಸ್ಸು ಹತ್ತಿ ತೆಗೆಸಿದ ಎಕ್ಸ್‌ರೇಯಲ್ಲಿ
ಏನೂ ಇಲ್ಲ, ಎಂದಳು ಡಾಕ್ಟರಮ್ಮ.
ಕೂದಲೆಳೆ ಸೀಳು ಕಾಣದೆಯೂ ಇರಬಹುದು.
ಮೆಲ್ಲೆಲುಬು ಊದಿರಬಹುದು.
ಎಲುಬುಗಳ ನಡುವಿನ ಸ್ನಾಯು ಹರಿದು, ಕೂಡಿ,
ನೀನು ಬಟ್ಟೆಮೂಟೆ ಎತ್ತಿದಾಗ ಮತ್ತೆ ಹರಿದಿರಬಹುದು.
ಎತ್ತಬೇಡ. ಉಸಿರು ಕಟ್ಟಿದರೆ, ಜ್ವರ ಬಂದರೆ ತಡಮಾಡದೆ ಬಾ.
ಕೆಮ್ಮಿದರೆ ನೋವೇ? ಹೌದು.
ಮಗ್ಗುಲು ಹೊರಳಿದರೆ? ಹೌದು.
ನಕ್ಕರೆ?

ನೋಡಿಲ್ಲ, ಎಂದೆ.

ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಮೂಳೆ ಕೂಡಿಸುವ ಮುದುಕ ಎಲಿಯೊದೊರೊ
ಹೆಬ್ಬೆರಳೂರಿ ಮೇಲಿನಿಂದ ಎಣಿಸುತ್ತ ಬಂದ.
ಎಡಗಡೆಯ ಏಳನೆಯದಕ್ಕೆ ನಾನು ಚೀರಿದೆ, ಅವನ ನಾಯಿ ಎದ್ದು ಹೋಯಿತು.
ಒಳಗೆ ಗಾಳಿ ಹೊಕ್ಕಿದೆ, ಅಂದ.
ವಯಸ್ಸು ಹೊಕ್ಕಿದೆ, ಅಂದಳು ಒಟಿಲಿಯಾ.

ನಿನ್ನೆ ನಿದ್ದೆ ಹತ್ತದೆ
ಸೂಟನ್ನು ಮೇಜಿನ ಮೇಲೆ ಚಾಚಿ ಟೇಪು ಹಿಡಿದೆ, ಸುಮ್ಮನೆ,
ಕೈಗೆ ಬೇರೆ ಕೆಲಸ ಬರುವುದಿಲ್ಲವಲ್ಲ.
ಎದೆಸುತ್ತು ನನ್ನ ಅಳತೆಗಿಂತ ನಾಲ್ಕು ಬೆರಳು ಕಮ್ಮಿ.
ಊರಿಗೆಲ್ಲ ಪಕ್ಕೆ ಸಡಿಲಿಸಿಕೊಟ್ಟವಳು
ಎರಡು ಬೇಸಿಗೆ ಇದರೊಳಗೆ ತುರುಕಿಕೊಂಡು
ಕಡಲನ್ನು ಬೈದಿದ್ದೆ.

ನಗು ಬಂತು.
ಮೇಜು ಹಿಡಿದುಕೊಂಡೆ.
ಡಾಕ್ಟರಮ್ಮನಿಗೆ ಹೇಳಿ ಕಳಿಸಬೇಕು: ಹೌದು, ನಕ್ಕರೂ.

ಇದೇ ಕಾರಣವೆಂದು ಆಣೆಯಿಡಲಾರೆ.
ಹಲಗೆಯೂ ಇರಬಹುದು, ಮೂಟೆಯೂ, ಮುದುಕನ ಗಾಳಿಯೂ.
ಅಂತೂ ಹೊಲಿಗೆ ಬಿಚ್ಚಿ
ಎರಡೂ ಮಗ್ಗುಲಿಗೆ ಪಟ್ಟಿ ಕೂಡಿಸಿದ್ದೇನೆ.
ಎಡಕ್ಕೆ ಒಂದು ಬೆರಳು ಹೆಚ್ಚೇ ಬಿಟ್ಟಿದ್ದೇನೆ,
ಹಿಗ್ಗಿದರೆ ಇರಲಿ ಎಂದು.