ಕೈಗೆ ಕಬ್ಬಿಣ

ಸೊಹಾರಿನ ಈ ಲಾಂಡ್ರಿ ವ್ಯಾನು
ಹದಿಮೂರು ವರ್ಷ ನನ್ನದಾಗಿತ್ತು.
ಈಗ ದಾದ್ ಕರೀಮನದು.
ನಾನು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ
ಇಸ್ತ್ರಿಯ ಬಿಸಿ ಆರದ ದಿಶ್‌ದಾಶಗಳು, ಬಿಲ್ಲು ಪುಸ್ತಕ.
ಪ್ರತಿ ವೃತ್ತ ಬಂದಾಗಲೂ ನನ್ನ ಬಲಗಾಲು
ಇಲ್ಲದ ಬ್ರೇಕು ಒತ್ತುತ್ತದೆ.
ಅವನು ನೋಡಿಯೂ ನೋಡದ ಹಾಗೆ
ರೇಡಿಯೋ ಜೋರು ಮಾಡುತ್ತಾನೆ.

ಡಾಕ್ಟರು ಒಳ್ಳೆಯವರು.
ಮಾತ್ರೆ ತಪ್ಪಿಸಬೇಡ, ನಿದ್ದೆಗೆಡಬೇಡ,
ಸ್ಟಿಯರಿಂಗ್ ಮುಟ್ಟಬೇಡ, ಆಮೇಲೆ ನೋಡೋಣ ಅಂದರು.
ಆಮೇಲೆ ಅನ್ನುವುದು ಎಷ್ಟು ಕಿಲೋಮೀಟರು,
ನಾನು ಕೇಳಲಿಲ್ಲ.

ಊರಿಗೆ ಫೋನು ಮಾಡುವಾಗ ಮಾತ್ರ
ನಾನಿನ್ನೂ ಡ್ರೈವರು.
ರಸ್ತೆ ಹೇಗಿದೆ? ಅನ್ನುತ್ತಾಳೆ ಸುಗಂಧಿ.
ಖಾಲಿ, ಅನ್ನುತ್ತೇನೆ. ಅದೇನೂ ಸುಳ್ಳಲ್ಲ.

ಮೊನ್ನೆ ಮತ್ತೆ ಬಂತು.
ಹಬೆಯ ವಾಸನೆ ಇದ್ದಕ್ಕಿದ್ದಂತೆ ಸಿಹಿಯಾಯಿತು;
ಅಲ್ಲಿಂದಾಚೆಗಿನದು ನನ್ನದಲ್ಲ, ಕಂಡವರದು.
ಎಚ್ಚರಾದಾಗ ನಾಲಿಗೆಯ ಅಂಚು ಹರಿದಿತ್ತು,
ತಲೆಯಡಿ ಯಾವುದೋ ಗಿರಾಕಿಯ ಟವೆಲು.
ಕಬ್ಬಿಣ ಕೊಡಿ, ಕೈಗೆ ಕಬ್ಬಿಣ ಕೊಡಿ ಎಂದು
ಕೂಗಿಕೊಂಡನಂತೆ ಕಟಪಾಡಿಯ ಲಿಗೋರಿ.
ಮಲಯಾಳಿಗಳಿಗೂ ಗೊತ್ತಿತ್ತಂತೆ, ಬಲೂಚಿಗೂ.
ಬೇರೇನೂ ಸಿಗದೆ ದಾದ್ ಕರೀಮ
ಕಿಸೆಯಿಂದ ತೆಗೆದು ತುರುಕಿದನಂತೆ.

ಮರಗಟ್ಟಿದ ಬೆರಳು ಒಂದೊಂದೇ ಬಿಡಿಸಿದೆ.
ವ್ಯಾನಿನ ಕೀ.
ಅದರ ಹಲ್ಲು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.

ಕಬ್ಬಿಣದಿಂದ ಏನೂ ಆಗುವುದಿಲ್ಲ, ಗೊತ್ತು.
ಆದರೂ ವಾಪಸು ಕೊಡಲು ತುಸು ತಡ ಮಾಡಿದೆ.
ಅವನೂ ಕೈ ಚಾಚಲಿಲ್ಲ.
ಹೊರಗೆ ಬಿಸಿಲಲ್ಲಿ ಯಾರೋ
ತಮ್ಮ ಬಟ್ಟೆಗಾಗಿ
ಹಾರ್ನು ಹೊಡೆಯುತ್ತಲೇ ಇದ್ದರು.