ಹಾಜರಿ ಪಟ್ಟಿಯ ನಾಲ್ಕನೇ ಅಕ್ಷರ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಶನಿವಾರ ಬಟವಾಡೆ.
ಕೀಬೋರ್ಡಿನ ಸಂದಿಗೆಲ್ಲ ತೌಡಿನ ದೂಳು.
ಪಟ್ಟಿ ಅಕ್ಷರದ ಸಾಲಿಗೆ ಬರಲೆಂದು
ನಾನು ಬರೆದದ್ದು ಹನ್ನೊಂದೇ ಸಾಲು:
ಎರಡು ಹೆಸರು ಕೊಟ್ಟರೆ ಮೂರರಲ್ಲೊಂದು ಹೇಳುತ್ತದೆ.
ಇದು ಮುಂದೆ. ಅದು ಮುಂದೆ. ಎರಡೂ ಒಂದೇ.
ನಾಲ್ಕನೆಯ ಉತ್ತರ ಅದಕ್ಕೆ ಗೊತ್ತಿಲ್ಲ.

ಕಿಟಕಿಗೆ ಮೊಣಕೈ ಊರಿ ಕೇಳಿದಳು ಹುಲಿಗೆವ್ವ:
"ಅಲ್ರೀ, ಹುಲಿಗೆಮ್ಮ ನಿನ್ನೆ ಮೊನ್ನೆ ಬಂದಾಕಿ,
ನಾ ಒಂಬತ್ತು ವರ್ಷದಾಕಿ.
ವಾರಾ ವಾರಾ ಆಕಿ ಮುಂದ, ನಾ ಹಿಂದ. ಯಾಕ?"

ತೆರೆ ತಿರುಗಿಸಿ ತೋರಿಸಿದೆ.
ಹು ಎದುರು ಹು, ಸಮ. ಲಿ ಎದುರು ಲಿ, ಸಮ. ಗೆ ಎದುರು ಗೆ.
ಅಲ್ಲಿಯ ತನಕ ಒಂದೇ ಮೊರದಲ್ಲಿ ಕೇರಿದ ಅಕ್ಕಿ.
ನಾಲ್ಕನೆಯದಕ್ಕೆ ಅವಳದು ಮ, ನಿನ್ನದು ವ.
ಶಾಲೆಯ ಗೋಡೆಯ ಮೇಲೆ ಮ ಮೊದಲು.
ತೀರ್ಪು ಅಲ್ಲೇ ಆಯಿತು.

"ಮುಂದಿಂದು ಓದೂದಿಲ್ಲೇನು?"
ಇಲ್ಲ.
"ಊರು? ಎಷ್ಟು ಚೀಲ ಹೊಲಿದ್ಲು ಅಂಬೋದು?"
ಮೊದಲ ಭೇದ ಸಿಕ್ಕ ಕೂಡಲೇ ಅದು ಎದ್ದು ಹೋಗುತ್ತದೆ.
ಅವಳು ಆ ವ ನೋಡುತ್ತ ನಿಂತಳು,
ಅನ್ನದಲ್ಲಿ ಸಿಕ್ಕ ಕಲ್ಲು ನೋಡುವ ಹಾಗೆ.
"ನಮ್ಮತ್ತಿ ಹಿಂಗ ಇದ್ಲು. ಬಣ್ಣ ನೋಡಿದ್ಲು,
ಮುಂದ ಏನೂ ನೋಡ್ಲಿಲ್ಲ."

ಹಮಾಲ ಯಂಕಪ್ಪ ನಡುವೆ ಬಾಯಿ ಹಾಕಿದ:
"ಮತ್ತ ಆ ಯಂಕ ನನಗಿಂತ ಯಾಕ ಮುಂದ?
ಇಬ್ಬರದೂ ಯಂಕನ ಐತಲ್ಲ."
ಅವನ ಹೆಸರು ಮುಗಿಯಿತು, ನಿನ್ನದು ಇನ್ನೂ ಉಳಿದಿತ್ತು;
ಮೊದಲು ಬರಿದಾದವನೇ ಮುಂದೆ.
"ಹಂಗಾರ ಅಪ್ಪ ಅನ್ನಿಸಿಕೊಂಡಿದ್ದ ತಪ್ಪಾತು,"
ಟವೆಲ್ ಕೊಡವಿ ನಕ್ಕ.

ಆಷಾಢದಲ್ಲಿ ಇನ್ನೊಬ್ಬ ಹುಲಿಗೆವ್ವ ಕೆಲಸಕ್ಕೆ ಬಂದಳು.
ಎರಡು ಹೆಸರೂ ಒಟ್ಟಿಗೇ ಮುಗಿದವು. ಸೊನ್ನೆ.
ಊರು ಕೇಳಿದೆ: ಇಬ್ಬರೂ ಇರಕಲ್ಲಗಡ.
ಆಧಾರಿನಲ್ಲಿ ಇಬ್ಬರಿಗೂ ಜನವರಿ ಒಂದು,
ದಿನ ಗೊತ್ತಿಲ್ಲದವರೆಲ್ಲ ಹುಟ್ಟುವ ದಿನ.
ಇಸವಿಯೂ ಅದೇ.
ಪಟ್ಟಿ ಒಂದು ವಾರ ಇವಳನ್ನು ಮೇಲೆ ತಂದಿತು,
ಇನ್ನೊಂದು ವಾರ ಅವಳನ್ನು.
ಯಾಕೆಂದು ಕೇಳಿದರೆ ನನಗೂ ಹೇಳಲಾಗುತ್ತಿರಲಿಲ್ಲ.

ಹಳಬಳು ಹೊಸಬಳ ಭುಜಕ್ಕೆ ಭುಜ ಹಚ್ಚಿ ಎತ್ತರ ನೋಡಿದಳು,
ಅಂಗೈ ತಿರುವಿ ನೋಡಿದಳು.
ದಬ್ಬಣ ಹಿಡಿಯುವ ಬೆರಳಿನ ಬುಡದಲ್ಲಿ ತನ್ನಂಥದೇ ಗಂಟು,
ಆದರೆ ಎಡಗೈಯಲ್ಲಿ.
"ಎಡಚಿ ಐದಾಳ್ರೀ ಇಕಿ. ಇಕಿನ್ನ ಮುಂದ ಹಾಕ್ರಿ.
ನನಗ ಹಿಂದ ನಿಂತು ರೂಢಿ ಐತಿ."

ಎಡಗೈಗೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.
ಹಳೆಯ ಹುಲಿಗೆವ್ವಳ ಹೆಸರಿನ ಕೊನೆಗೆ
ಯಾರಿಗೂ ಕಾಣದ ಒಂದು ಖಾಲಿ ಜಾಗ ಒತ್ತಿದೆ.
ಈಗ ಅವಳದು ಅಷ್ಟು ಉದ್ದ.